ಊಟದ ಮೇಜಿನ ಮೇಲೊಂದು ಪುಟ್ಟ ಕದನ

ಎರಡು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಮೊದಲ ದಿನವೇ ಒಂದು ಸಂಗತಿ ಗಮನಕ್ಕೆ ಬಂತು. ಆ ಮನೆಯಲ್ಲಿ ಎಂಟು ಜನ ಕೂರಬಹುದಾದ ಊಟದ ಮೇಜಿದೆ. ಆದರೂ ಎಲ್ಲರೂ ಪಕ್ಕದ ಕೋಣೆಯ ನೆಲದ ಮೇಲೆ ದಸ್ತರ್‌ಖಾನ್ ಹಾಸಿ ಊಟಕ್ಕೆ ಕುಳಿತರು. ಪರದೇಶಕ್ಕೆ ಬಂದರೂ ಹಳೆಯ ಪದ್ಧತಿ ಬಿಟ್ಟಿಲ್ಲವಲ್ಲ ಎಂದು ನಾನು ಮೆಚ್ಚಿಕೊಂಡೆ. ಅಕ್ಕ ಜೋರಾಗಿ ನಕ್ಕಳು.

"ಪದ್ಧತಿಯೂ ಇಲ್ಲ, ಮಣ್ಣೂ ಇಲ್ಲ. ಮೇಜಿನ ಮೇಲೆ ಶ್ರೀರಂಗಪಟ್ಟಣ ಇದೆ. ಹೋಗಿ ನೋಡು."

ನಿಜಕ್ಕೂ ಇತ್ತು! ಮೇಜಿನ ತುಂಬ ಮಾಸಲು ಹಸಿರು ಬಟ್ಟೆ. ಅದರ ಮೇಲೆ ನೀಲಿ ಬಣ್ಣ ಬಳಿದ ರಟ್ಟಿನ ಕಾವೇರಿ ಎರಡು ಕವಲಾಗಿ ಹರಿದಿತ್ತು. ಮಧ್ಯದಲ್ಲಿ ಥರ್ಮಾಕೋಲ್ ಕತ್ತರಿಸಿ ಮಾಡಿದ ಕೋಟೆ, ಕಲ್ಲಿನ ಬಣ್ಣ. ಗೋಡೆಯ ಮೇಲೆ, ನದಿಯ ಆಚೆ ದಡದಲ್ಲಿ, ಹೊಂಡಗಳಲ್ಲಿ ನೂರಾರು ಸೈನಿಕರು. ಒಬ್ಬೊಬ್ಬನ ಎತ್ತರ ಒಂದಂಗುಲಕ್ಕಿಂತ ತುಸು ಹೆಚ್ಚು. ಬಗ್ಗಿ ನೋಡಿದರೆ ಪ್ರತಿಯೊಬ್ಬನಿಗೂ ಕಣ್ಣು, ಮೀಸೆ, ಸೊಂಟಪಟ್ಟಿ. ಕೋಟೆಯೊಳಗಿನವರ ಅಂಗಿಯ ಮೇಲೆ ಟಿಪ್ಪೂವಿನ ಸೈನ್ಯದ ಗುರುತಾದ ಹುಲಿಪಟ್ಟೆ.

ಭಾವ ಶ್ರೀರಂಗಪಟ್ಟಣದ ಗಂಜಾಮಿನವರು. ಅವರಿಗೆ 14 ವರ್ಷದ ಮಗ, 11 ವರ್ಷದ ಮಗಳು. ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಐವತ್ತು ವರ್ಷಗಳಿಂದ ಈ ಆಟ ಆಡುತ್ತಿರುವವರು. ಅವರಿಂದ ಮಕ್ಕಳಿಗೆ, ಮಕ್ಕಳಿಂದ ಭಾವನಿಗೆ ಹತ್ತಿಕೊಂಡ ಹುಚ್ಚಿದು. ಎರಡು ವಾರಕ್ಕೊಮ್ಮೆ ಭಾನುವಾರ ಆಟ. ಮಧ್ಯದ ದಿನಗಳಲ್ಲಿ ಬಣ್ಣ ಹಚ್ಚುವುದು, ಗೋಡೆ ಕಟ್ಟುವುದು, ಪುಸ್ತಕ ಓದುವುದು. ಅಲ್ಲಿ ಇದನ್ನು ವಾರ್‌ಗೇಮ್ ಎನ್ನುತ್ತಾರೆ.

ರಾತ್ರಿ ಪಾತ್ರೆ ತೊಳೆಯುವಾಗ ಅಕ್ಕ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದಳು. "ಟಿವಿ ಹಚ್ಚಿದರೆ ಯುದ್ಧ. ಅವಶೇಷದಡಿಯಿಂದ ಮಕ್ಕಳನ್ನು ಎಳೆದು ತೆಗೆಯುವುದನ್ನು ನೋಡಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅದು ಸಾಲದೆಂದು ಮನೆಯೊಳಗೂ ಯುದ್ಧವೇ ಬೇಕಾ? ನಾಳೆ ಶಾಲೆಯಲ್ಲಿ ನನ್ನ ಮಗ ಯುದ್ಧದ ವಿಷಯ ಮಾತನಾಡಿದರೆ ಅವನ ಹೆಸರು ನೋಡಿ ಯಾರು ಏನು ಅಂದುಕೊಳ್ಳುತ್ತಾರೋ!"

ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿದ್ದ ಐದು ವಾರಗಳಲ್ಲಿ ಮೇಷ್ಟ್ರ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ತಂದು ಓದಿದೆ. ಮಕ್ಕಳ ಕೈಗೆ ಯುದ್ಧದ ಆಟಿಕೆ ಕೊಡುವುದು ಸರಿಯೇ ಎಂಬ ಅಕ್ಕನ ಪ್ರಶ್ನೆ ಈ ಆಟದಷ್ಟೇ ಹಳೆಯದೆಂದು ಆಗ ತಿಳಿಯಿತು.

ಊಟ ಮುಗಿಸಿದ ಗೆಳೆಯ ಹೊಡೆದ ಗುಂಡು

ಎಚ್.ಜಿ. ವೆಲ್ಸ್ ಹೆಸರನ್ನು ನೀವು ಕೇಳಿರಬಹುದು. ಕಾಲಯಂತ್ರದ ಕತೆ ಬರೆದ ಇಂಗ್ಲಿಷ್ ಲೇಖಕ. ಅವರಿಗೆ ಇಬ್ಬರು ಗಂಡುಮಕ್ಕಳು, 1901ರಲ್ಲಿ ಮತ್ತು 1903ರಲ್ಲಿ ಹುಟ್ಟಿದವರು. ಕೆಂಟ್ ಪ್ರಾಂತದ ಸಮುದ್ರ ತೀರದ ಸ್ಯಾಂಡ್‌ಗೇಟ್‌ನಲ್ಲಿ ಅವರ ಮನೆಯಿತ್ತು. ಒಂದು ಮಧ್ಯಾಹ್ನ ಗೆಳೆಯನೊಬ್ಬ ಊಟಕ್ಕೆ ಬಂದಿದ್ದ. ಮಕ್ಕಳಿರುವ ಎಲ್ಲ ಮನೆಗಳಂತೆ ಆ ಕೋಣೆಯ ತುಂಬ ಆಟಿಕೆಗಳು ಚೆಲ್ಲಾಡಿದ್ದವು. ಪಕ್ಕದ ಪುಟ್ಟ ಮೇಜಿನ ಮೇಲೆ ನಾಲ್ಕೈದು ಸೀಸದ ಸೈನಿಕರು ಮತ್ತು ಒಂದು ಆಟಿಕೆ ಫಿರಂಗಿ. ಸ್ಪ್ರಿಂಗ್ ಎಳೆದು ಬಿಟ್ಟರೆ ಮರದ ಗುಂಡು ಹಾರಿಸುವ ಫಿರಂಗಿ ಅದು. ಊಟ ಮುಗಿಸಿ ಕಾಫಿಗೆ ಕಾಯುತ್ತಿದ್ದ ಆ ದೊಡ್ಡ ಮನುಷ್ಯ ಸುಮ್ಮನಿರಲಾರದೆ ಕುರ್ಚಿ ಎಳೆದುಕೊಂಡು ಹೋಗಿ ಗುರಿಯಿಟ್ಟು ಹೊಡೆದ. ಒಬ್ಬ ಸೈನಿಕ ಉರುಳಿದ. ಅಷ್ಟೇ ಸಾಕಾಯಿತು. ಇಬ್ಬರು ಗಂಡಸರೂ ಮಕ್ಕಳ ಆಟಿಕೆಗೆ ಸ್ಪರ್ಧೆಗಿಳಿದರು.

ವೆಲ್ಸ್ ಗೆಳೆಯನ ಹೆಸರು ಹೇಳದೆ ಜೆ.ಕೆ.ಜೆ. ಎಂದಷ್ಟೇ ಬರೆದಿದ್ದಾರೆ. ಹಾಸ್ಯ ಲೇಖಕ ಜೆರೋಮ್ ಕೆ. ಜೆರೋಮ್ ಎಂದು ಊಹಿಸಲು ಯಾರಿಗೂ ಕಷ್ಟವಾಗಲಿಲ್ಲ.

ಮುಂದೆ ಆಟ ಮೇಜಿನಿಂದ ನೆಲಕ್ಕಿಳಿಯಿತು. ಬೆಟ್ಟ ಬೇಕೆಂದಾಗ ಕಪಾಟಿನಿಂದ ವಿಶ್ವಕೋಶದ ಸಂಪುಟಗಳು ಬಂದವು. ಜ್ಞಾನಭಂಡಾರದ ಮೇಲೆ ಕುದುರೆ ಸವಾರರು ಹತ್ತಿದರು! ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ನಿಜವಾಗಿ ಕಾದಾಡಿ ಬಂದಿದ್ದ ಕ್ಯಾಪ್ಟನ್ ಒಬ್ಬರೂ ಮನೆಗೆ ಬಂದಾಗ ಕೈಜೋಡಿಸಿ ನಿಯಮಗಳನ್ನು ತಿದ್ದಿದರು. ಹೀಗೆ ತಯಾರಾದದ್ದು 1913ರ 'ಲಿಟಲ್ ವಾರ್ಸ್' ಎಂಬ ಪುಸ್ತಕ. ಎರಡು ವರ್ಷ ಮೊದಲೇ, 1911ರಲ್ಲಿ, ನೆಲದ ಮೇಲೆ ಮಕ್ಕಳೊಂದಿಗೆ ಊರು ಕಟ್ಟಿ ಆಡುವ ಬಗ್ಗೆ ಅವರು ಇನ್ನೊಂದು ಪುಸ್ತಕ ಬರೆದಿದ್ದರು. ಮನೆಯಲ್ಲಿ ಕುಳಿತು ಗೆಳೆಯರು, ಮಕ್ಕಳೊಂದಿಗೆ ಆಡುವ ಇಂದಿನ ವಾರ್‌ಗೇಮ್‌ಗೆ ಲಿಟಲ್ ವಾರ್ಸ್ ಪುಸ್ತಕವನ್ನೇ ಮೂಲವೆಂದು ಹೇಳುತ್ತಾರೆ.

ನಿಯಮಗಳು ಸರಳ. ಕಾಲಾಳು ಒಂದು ಸರದಿಯಲ್ಲಿ ಒಂದು ಅಡಿ ನಡೆಯಬಹುದು, ಕುದುರೆ ಎರಡು ಅಡಿ. ಫಿರಂಗಿಯ ಹತ್ತಿರ ಕನಿಷ್ಠ ನಾಲ್ಕು ಜನ ಇಲ್ಲದಿದ್ದರೆ ಅದು ಹಾರುವಂತಿಲ್ಲ, ಕದಲುವಂತಿಲ್ಲ. ಆರಂಭದಲ್ಲಿ ಮಧ್ಯೆ ಪರದೆ ಇಳಿಬಿಟ್ಟು ಇಬ್ಬರೂ ಗುಟ್ಟಾಗಿ ಸೈನ್ಯ ಜೋಡಿಸಬೇಕು. ಪ್ರತಿ ಸರದಿಗೂ ಗಡಿಯಾರ ನೋಡಿ ಕಾಲಮಿತಿ, ಇಲ್ಲದಿದ್ದರೆ ಯೋಚಿಸುತ್ತಾ ಕೂತವನಿಂದ ಎಲ್ಲರಿಗೂ ಬೇಸರ. ಸಂಖ್ಯೆಯಲ್ಲಿ ತೀರ ಕಡಿಮೆಯಾಗಿ ಒಂಟಿಯಾದ ತುಕಡಿಯನ್ನು ಕೊಲ್ಲಬೇಕಿಲ್ಲ, ಸೆರೆ ಹಿಡಿಯಬಹುದು. ಹುಡುಗರಿಗಾಗಿ ಎಂದು ಶುರುಮಾಡಿ, 150 ವರ್ಷದ ಮುದುಕರಿಗೂ, ಇಂಥ ಆಟ ಮೆಚ್ಚುವ ಬುದ್ಧಿವಂತ ಹುಡುಗಿಯರಿಗೂ ಆದೀತು ಎಂದು ತಮಾಷೆಯಾಗಿ ಪುಸ್ತಕದ ಶೀರ್ಷಿಕೆಯಲ್ಲೇ ಸೇರಿಸಿದ್ದರು. ಹುಡುಗಿಯರ ಬಗ್ಗೆ ಆ ಮಾತಿನಲ್ಲಿ ಸ್ವಲ್ಪ ಉಪಕಾರದ ಧಾಟಿಯಿದೆ. ಅದಕ್ಕೆ ಉತ್ತರ ಕೊಟ್ಟವರ ಕತೆ ಮುಂದೆ ಬರುತ್ತದೆ.

ಸ್ವಾರಸ್ಯದ ಸಂಗತಿಯೆಂದರೆ ವೆಲ್ಸ್ ಯುದ್ಧವಿರೋಧಿ. ಈ ಆಟವನ್ನು ಮೂರ್ನಾಲ್ಕು ಸಲ ಆಡಿದವನಿಗೆ ನಿಜ ಯುದ್ಧ ಎಷ್ಟು ಎಡವಟ್ಟಿನ, ದಡ್ಡತನದ ಕೆಲಸವೆಂದು ಅರಿವಾಗುತ್ತದೆ ಎಂಬುದು ಅವರ ವಾದ. ಸೈನ್ಯಾಧಿಕಾರಿಗಳು ತಮ್ಮ ಹುಮ್ಮಸ್ಸನ್ನೆಲ್ಲ ನೆಲದ ಮೇಲೆ ತೀರಿಸಿಕೊಳ್ಳಲಿ, ಜನರನ್ನು ಬಿಟ್ಟುಬಿಡಲಿ ಎಂದು ಅವರ ಆಸೆ.

ಪುಸ್ತಕ ಬಂದ ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಆಗ ವೆಲ್ಸ್ ಏನು ಮಾಡಿದರು? ಯುದ್ಧವನ್ನು ಕೊನೆಗಾಣಿಸುವ ಯುದ್ಧವಿದು ಎಂದು 1914ರಲ್ಲೇ ಪುಸ್ತಕ ಬರೆದು ಅದನ್ನು ಸಮರ್ಥಿಸಿದರು! ಎರಡು ವರ್ಷಗಳ ನಂತರ, 1916ರಲ್ಲಿ, ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಲೇಖಕ ತಂದೆಯ ಕುರಿತು 'ಮಿಸ್ಟರ್ ಬ್ರಿಟ್ಲಿಂಗ್' ಎಂಬ ನಾಯಕನ ಕಾದಂಬರಿ ಬರೆದರು. ಅವರ ಸ್ವಂತ ಮಕ್ಕಳು ಚಿಕ್ಕವರಾಗಿದ್ದರಿಂದ ಉಳಿದರು. ಹಿರಿಯ ಮಗ ಮುಂದೆ ಹೆಸರಾಂತ ಪ್ರಾಣಿಶಾಸ್ತ್ರಜ್ಞನಾದ. ಆಟ ಯುದ್ಧದ ಹುಚ್ಚನ್ನು ಬಿಡಿಸುತ್ತದೆ ಎಂದವರನ್ನೇ ಅದು ಬಿಡಿಸಲಿಲ್ಲ. ಆದ್ದರಿಂದ ಆಟದ ಪರವಾಗಿ ಅವರ ವಾದವನ್ನು ಅಕ್ಕನ ಮುಂದಿಡಲು ನನಗೆ ಧೈರ್ಯವಾಗಲಿಲ್ಲ.

ತಂದೆಯ ಮೇಜು, ಮಗನ ನಕ್ಷೆ

ಇನ್ನೂ ಹಿಂದಕ್ಕೆ ಹೋದರೆ ಸಿಗುವುದು ನಮ್ಮದೇ ಚದುರಂಗ. ಭಾರತದಿಂದ ಪರ್ಷಿಯಾಕ್ಕೆ ಹೋಗಿ, ಅರಬರ ಕೈಯಲ್ಲಿ ಶತ್ರಂಜ್ ಆಗಿ ಯೂರೋಪಿಗೆ ತಲುಪಿದ ಆಟ. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಹೆಲ್ವಿಗ್ ಎಂಬಾತ ಚದುರಂಗದ ಹಾಸನ್ನು ಸಾವಿರಾರು ಮನೆಗಳಷ್ಟು ಹಿಗ್ಗಿಸಿ, ಬೆಟ್ಟ, ಕಾಡು, ನದಿಗಳಿಗೆ ಬೇರೆಬೇರೆ ಬಣ್ಣ ಕೊಟ್ಟ. ನಂತರ ಬಂದದ್ದು ಪ್ರಷ್ಯಾದ ರೈಸ್ವಿಟ್ಸ್ ಎಂಬ ತಂದೆ ಮತ್ತು ಮಗ.

ತಂದೆ 1812ರಲ್ಲಿ ರಾಜ ಮೂರನೆಯ ಫ್ರೆಡ್ರಿಕ್ ವಿಲ್‌ಹೆಲ್ಮನಿಗೆ ಒಂದು ಭಾರಿ ಮೇಜನ್ನು ಒಪ್ಪಿಸಿದ. ಗಾರೆಯ ಬಿಲ್ಲೆಗಳ ಮೇಲೆ ಬೆಟ್ಟಗುಡ್ಡ ಎಬ್ಬಿಸಿ ಬಣ್ಣ ಹಾಕಿದ್ದ. ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಿ ಬೇರೆಬೇರೆ ನಾಡು ಮಾಡಬಹುದಿತ್ತು. ಅರಮನೆಯವರಿಗೆ ಅದು ಮೆಚ್ಚಿನ ಆಟವಾಯಿತು. ಆ ಮೇಜು ಬರ್ಲಿನ್ನಿನ ಶಾರ್ಲೊಟೆನ್‌ಬುರ್ಗ್ ಅರಮನೆಯಲ್ಲಿ ಉಳಿದುಬಂದಿದೆ.

ಮಗ ಫಿರಂಗಿ ದಳದ ಅಧಿಕಾರಿ. ರಾಜನ ಮೇಜು ಎಲ್ಲರಿಗೂ ಎಟಕುವಂಥದ್ದಲ್ಲ ಎಂದು ಅವನು ಅದನ್ನು ಕಾಗದದ ನಕ್ಷೆಗೆ ಇಳಿಸಿದ. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳಬೇಕು. ಎದುರಾಳಿಯ ಸೈನ್ಯ ಕಣ್ಣಿಗೆ ಬೀಳುವವರೆಗೆ ನಕ್ಷೆಯ ಮೇಲೆ ಕಾಣಿಸುವಂತಿಲ್ಲ. ಇಬ್ಬರ ಆಜ್ಞೆಗಳನ್ನೂ ಓದಿ ತೀರ್ಪು ಕೊಡಲು ನಡುವೆ ಒಬ್ಬ ಅಂಪೈರ್. 1824ರಲ್ಲಿ ಇದನ್ನು ನೋಡಲು ಕುಳಿತ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಮೊದಮೊದಲು ಉದಾಸೀನನಾಗಿದ್ದನಂತೆ. ಕೊನೆಗೆ, ಇದನ್ನು ಆಟವೆಂದು ಕರೆಯುವುದೇ ತಪ್ಪು, ಇದು ಯುದ್ಧದ ಶಾಲೆ ಎಂಬರ್ಥದಲ್ಲಿ ಉದ್ಗರಿಸಿದ. ಸೈನ್ಯದ ತುಕಡಿಗಳಿಗೆಲ್ಲ ಅದು ಹೋಯಿತು.

ಆದರೆ ಆಟ ಕಟ್ಟಿದವನ ಬದುಕು ನೆಟ್ಟಗಾಗಲಿಲ್ಲ. ರಾಜಧಾನಿಯಿಂದ ದೂರದ ಟೋರ್ಗೌ ಕೋಟೆಗೆ ವರ್ಗವಾದ ಮಗ ರೈಸ್ವಿಟ್ಸ್ 1827ರಲ್ಲಿ ತನಗೆ ತಾನೇ ಗುಂಡು ಹೊಡೆದುಕೊಂಡು ಸತ್ತ. 1870-71ರಲ್ಲಿ ಪ್ರಷ್ಯಾ ಫ್ರಾನ್ಸನ್ನು ಸೋಲಿಸಿದಾಗ ಲೋಕದ ಸೈನ್ಯಗಳೆಲ್ಲ ಅವನ ಆಟವನ್ನು ಹುಡುಕಿಕೊಂಡು ಬಂದವು.

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಸ್ವಿಟ್ಜರ್ಲೆಂಡಿನ ದಾವೋಸಿನ ಒಂದು ಅಟ್ಟದ ಕತೆ. 'ಟ್ರೆಷರ್ ಐಲೆಂಡ್' ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್ ಶ್ವಾಸಕೋಶದ ಕಾಯಿಲೆಗೆಂದು 1880 ಮತ್ತು 1881ರ ಚಳಿಗಾಲಗಳನ್ನು ಅಲ್ಲಿ ಕಳೆದರು. ಜೊತೆಗಿದ್ದವನು ಹೆಂಡತಿಯ ಮೊದಲ ಮದುವೆಯ ಮಗ ಲಾಯ್ಡ್, 12-13ರ ಹುಡುಗ. ಹೊರಗೆ ಹಿಮ. ಕೆಮ್ಮುವ ಮಲತಂದೆ, ಗೆಳೆಯರಿಲ್ಲದ ಮಲಮಗ. ಅವರಿಬ್ಬರೂ ತಗ್ಗು ಅಟ್ಟದ ನೆಲದ ಮೇಲೆ ಸೀಮೆಸುಣ್ಣದಿಂದ ದೇಶವೊಂದನ್ನು ಬರೆದರು. ಬೆಟ್ಟ, ನದಿ, ರಸ್ತೆ, ಊರು ಎಲ್ಲ. ನೂರಾರು ತವರದ ಸೈನಿಕರನ್ನು ಇಟ್ಟು ವಾರಗಟ್ಟಲೆ ಒಂದೇ ಯುದ್ಧ ಆಡಿದರು. ಯುದ್ಧಭೂಮಿಯಿಂದ ಸುದ್ದಿಗಾರ ಕಳುಹಿಸಿದಂತೆ ಸ್ಟೀವನ್ಸನ್ ಸುಳ್ಳು ಪತ್ರಿಕಾ ವರದಿಗಳನ್ನೂ ಬರೆಯುತ್ತಿದ್ದರು. ಸ್ಟೀವನ್ಸನ್ 1894ರಲ್ಲಿ ತೀರಿಹೋದರು. ನಾಲ್ಕು ವರ್ಷದ ನಂತರ ಲಾಯ್ಡ್ ಆ ವರದಿಗಳನ್ನು ಹುಡುಕಿ ತೆಗೆದು, ಆ ಅಟ್ಟದ ನೆನಪಿನೊಂದಿಗೆ ಅಮೆರಿಕದ ಒಂದು ಮಾಸಪತ್ರಿಕೆಯಲ್ಲಿ ಪ್ರಕಟಿಸಿದ.

ಮಲತಂದೆಯನ್ನು ಒಪ್ಪಿಕೊಳ್ಳುವುದು ಹದಿಹರೆಯದ ಹುಡುಗನಿಗೆ ಸುಲಭವಲ್ಲ. ಉಪದೇಶದಿಂದ ಆಗದ್ದು ಹೊಟ್ಟೆ ನೆಲಕ್ಕೆ ಹಚ್ಚಿ ಮಲಗಿ ಆಡಿದ್ದರಿಂದ ಆಗಿರಬೇಕು ಎಂದು ನನಗನ್ನಿಸುತ್ತದೆ.

ಅಡ್ಮಿರಲ್ ಐದು ಬಾರಿ ಸೋತದ್ದು

ಈಗ ಹುಡುಗಿಯರ ಕತೆ. ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದಿಂದ ಬ್ರಿಟನ್ನಿಗೆ ಗೋಧಿ, ಎಣ್ಣೆ, ಸಾಮಾನು ತರುವ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಅಟ್ಲಾಂಟಿಕ್‌ನಲ್ಲಿ ಒಂದೊಂದಾಗಿ ಮುಳುಗಿಸುತ್ತಿದ್ದವು. 1942ರ ಜನವರಿಯಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಎಂಬವರನ್ನು ಲಿವರ್‌ಪೂಲಿಗೆ ಕಳುಹಿಸಲಾಯಿತು. ಕ್ಷಯರೋಗವೆಂದು ನೌಕಾಪಡೆ ಮನೆಗೆ ಕಳುಹಿಸಿದ್ದ ಮನುಷ್ಯ ಅವರು. ಜಲಾಂತರ್ಗಾಮಿಗಳು ಹೇಗೆ ದಾಳಿ ಮಾಡುತ್ತಿವೆ ಎಂದು ಪತ್ತೆಹಚ್ಚುವುದು, ತಪ್ಪಿಸಿಕೊಳ್ಳುವ ಉಪಾಯ ಕಲಿಸುವುದು ಅವರ ಕೆಲಸ. ಸಹಾಯಕ್ಕೆ ಕೊಟ್ಟದ್ದು ನೌಕಾಪಡೆಯ ಮಹಿಳಾ ವಿಭಾಗದ ಕೆಲವು ಯುವತಿಯರನ್ನು. ಬಹಳಷ್ಟು ಮಂದಿ ಇಪ್ಪತ್ತರ ಆಸುಪಾಸಿನವರು, ಸಮುದ್ರ ಯುದ್ಧ ಕಂಡವರಲ್ಲ.

ಅವರು ಕೋಣೆಯ ನೆಲವನ್ನೇ ಸಮುದ್ರ ಮಾಡಿಕೊಂಡರು. ಗೆರೆ ಎಳೆದ ನೆಲದ ಮೇಲೆ ಪುಟ್ಟ ಹಡಗುಗಳು. ಸುತ್ತ ಕ್ಯಾನ್ವಾಸ್ ಪರದೆ, ಪರದೆಯಲ್ಲಿ ಕಿಂಡಿ. ನಿಜವಾದ ಹಡಗಿನ ನಾಯಕ ಆ ಕಿಂಡಿಯಿಂದ ಇಣುಕಿ, ತನ್ನ ಹಡಗಿನಿಂದ ಎಷ್ಟು ಕಂಡೀತೋ ಅಷ್ಟನ್ನೇ ನೋಡಿ ಆಜ್ಞೆ ಕೊಡಬೇಕು. ಕಾವಲು ಹಡಗಿನ ದಾರಿಯನ್ನು ಬಿಳಿ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಜಲಾಂತರ್ಗಾಮಿಯದ್ದು ಹಸಿರು, ಕಿಂಡಿಯಿಂದ ನೋಡಿದವರಿಗೆ ಕಾಣದಂತೆ. ಆಟದ ಒಂದು ಸರದಿ ಎಂದರೆ ಎರಡು ನಿಮಿಷ.

ಹೀಗೆ ಹಳೆಯ ದಾಳಿಗಳನ್ನು ಮತ್ತೆ ಮತ್ತೆ ಆಡಿ ನೋಡಿದಾಗ ಲೆಕ್ಕ ಹೊಂದುತ್ತಿರಲಿಲ್ಲ. ಜಲಾಂತರ್ಗಾಮಿ ದೂರದಿಂದ ಹೊಡೆಯುತ್ತದೆ ಎಂದು ಎಲ್ಲರೂ ನಂಬಿದ್ದರು. ಆಟ ಬೇರೆಯೇ ಹೇಳಿತು. ಅದು ರಾತ್ರಿ ಹಿಂಬದಿಯಿಂದ ನುಸುಳಿ, ಹಡಗುಗಳ ಸಾಲಿನ ಒಳಗೇ ಬಂದು ಹೊಡೆಯುತ್ತಿದೆ! ಹಾಗಾದರೆ ಕಾವಲು ಹಡಗುಗಳು ಹೊರಗೆ ಓಡುವುದು ದಂಡ. ಗುಂಪಿನ ಹತ್ತಿರ, ಹಿಂಬದಿಯಲ್ಲಿ ಹುಡುಕಬೇಕು. ಈ ಉಪಾಯಕ್ಕೆ 'ರಾಸ್‌ಬೆರಿ' ಎಂದು ಹೆಸರಿಟ್ಟವರು ಜೀನ್ ಲೇಡ್ಲಾ ಎಂಬ ಯುವತಿ.

1942ರ ನವೆಂಬರಿನಲ್ಲಿ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಅಲ್ಲಿಗೆ ಮುಖ್ಯಸ್ಥರಾಗಿ ಬಂದರು. ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿ ನಾಯಕರಾಗಿ ಹೆಸರು ಮಾಡಿದ್ದವರು. ಈ ಆಟವನ್ನು ನೋಡಿ ತಾವೇ ಜಲಾಂತರ್ಗಾಮಿಯ ಪಾತ್ರ ವಹಿಸಿದರು. ಐದು ಸಲ ಆಡಿದರು, ಐದು ಸಲವೂ ಮುಳುಗಿದರು. ಎದುರಾಳಿ ಯಾರೆಂದು ಕೇಳಿದಾಗ ಪರದೆಯ ಹಿಂದಿನಿಂದ ಬಂದವಳು ಜಾನೆಟ್ ಓಕೆಲ್ ಎಂಬ ತರುಣಿ. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 5,000 ಅಧಿಕಾರಿಗಳು ಆ ನೆಲದ ಪಾಠ ಕಲಿತು ಹೋಗಿದ್ದರು. ಅಟ್ಲಾಂಟಿಕ್ ಕದನ ಗೆದ್ದದ್ದಕ್ಕೆ ಬೇರೆ ಕಾರಣಗಳೂ ಇವೆ, ನಿಜ. ಆದರೆ ಈ ಹುಡುಗಿಯರ ಹೆಸರು ದಶಕಗಳ ಕಾಲ ಎಲ್ಲಿಯೂ ಸರಿಯಾಗಿ ಬರಲಿಲ್ಲ.

ಈ ಕತೆಯನ್ನು ಅಕ್ಕನ ಮಗಳಿಗೆ ಹೇಳಿದೆ. "ಗೊತ್ತು ಖಾಲಾ" ಎಂದಳು. ಅವಳ ಕೋಣೆಯ ಬಾಗಿಲಿಗೆ ಜಾನೆಟ್ ಓಕೆಲ್ ಹೆಸರು ಬರೆದ ಚೀಟಿ ಅಂಟಿಸಿದ್ದಳು.

ಸೈನಿಕರು ಅಗ್ಗವಾದದ್ದು

ಸೀಸದ ಗಟ್ಟಿ ಸೈನಿಕರು ಜರ್ಮನಿಯಿಂದ ಬರುತ್ತಿದ್ದಾಗ ಅವು ಅನುಕೂಲಸ್ಥರ ಮಕ್ಕಳಿಗೆ ಮಾತ್ರ. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕುಟುಂಬದವರು ಒಂದು ಉಪಾಯ ಕಂಡುಕೊಂಡರು. ಅಚ್ಚಿಗೆ ಕರಗಿದ ಸೀಸ ಹೊಯ್ದು, ಹೊರಗಿನ ಪದರ ಗಟ್ಟಿಯಾಗುತ್ತಿದ್ದಂತೆ ಒಳಗಿನದನ್ನು ಸುರಿದುಬಿಡುವುದು. ಒಳಗೆ ಟೊಳ್ಳು, ತೂಕ ಕಡಿಮೆ, ಬೆಲೆಯೂ ಕಡಿಮೆ. ವೆಲ್ಸ್ ಆಡಿದ್ದು ಇಂಥ ಸೈನಿಕರೊಂದಿಗೆ. 1959ರಲ್ಲಿ ಏರ್‌ಫಿಕ್ಸ್‌ನವರ ಪ್ಲಾಸ್ಟಿಕ್ ಸೈನಿಕರು ಬಂದ ಮೇಲೆ ಪುಟ್ಟ ಪೆಟ್ಟಿಗೆಯಲ್ಲಿ ಒಂದು ತುಕಡಿಯೇ ಜೇಬಿನ ದುಡ್ಡಿಗೆ ಸಿಗತೊಡಗಿತು. ಸೀಸ ವಿಷವೆಂಬ ಅರಿವು ಹೆಚ್ಚಾದ ಹಾಗೆ 1990ರ ದಶಕದಲ್ಲಿ ತಯಾರಕರು ಸೀಸವಿಲ್ಲದ ಲೋಹಕ್ಕೆ ತಿರುಗಿದರು. ಹಳೆಯ ಗೊಂಬೆಗಳು ಈಗಲೂ ಕೈಯಿಂದ ಕೈಗೆ ಮಾರಾಟವಾಗುತ್ತವೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅವು ಬೇಡ.

1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ 'ವಾರ್ ಗೇಮ್ಸ್' ಪುಸ್ತಕ ಸಾವಿರಾರು ಮನೆಗಳಿಗೆ ಈ ಆಟವನ್ನು ತಲುಪಿಸಿತು. ಅವರ ವೃತ್ತಿ ಫಿಸಿಯೋಥೆರಪಿ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕ್ ದಳದಲ್ಲಿ ಕಾದಾಡಿದವರು. ನಿಜ ಯುದ್ಧ ಕಂಡವರು ಮತ್ತೆ ಮೇಜಿನ ಮೇಲೆ ಯುದ್ಧ ಹೂಡುವುದೇಕೆ? ಇದನ್ನೇ ಮೇಷ್ಟ್ರಲ್ಲಿ ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ನನ್ನ ತಂದೆಯೂ ಸೈನಿಕ. ಯುದ್ಧದ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಿದವರಲ್ಲ. ಮೇಜಿನ ಮುಂದೆ ಕೂತಾಗ ಮಾತ್ರ, ಇಲ್ಲಿ ಇಂಥ ಮಣ್ಣು ಇತ್ತು, ಇಲ್ಲಿ ನಾವು ಕಾಯುತ್ತಿದ್ದೆವು ಎಂದು ಒಂದೆರಡು ಮಾತು ಬರುತ್ತಿತ್ತು" ಎಂದರು.

ಲಂಡನ್ನಿನಲ್ಲಿ 1975ರಲ್ಲಿ ಆರಂಭವಾದ ಗೇಮ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆ 1983ರಲ್ಲಿ ರಾಕ್ಷಸ, ಕುಳ್ಳರ ಕಲ್ಪನಾಲೋಕದ 'ವಾರ್‌ಹ್ಯಾಮರ್' ಆಟವನ್ನು ತಂದಿತು. ಇಂದು ಈ ಹವ್ಯಾಸದ ದೊಡ್ಡ ಪಾಲು ಅಂಥ ಕಲ್ಪಿತ ಸೈನ್ಯಗಳದ್ದೇ. ಬೆಲೆಯೂ ಅಷ್ಟೇ ದೊಡ್ಡದು. ಅಕ್ಕನ ಮನೆಯಲ್ಲಿ ಅದಕ್ಕೊಂದು ಕಾನೂನಿದೆ. ಹಳೆಯ ಪೆಟ್ಟಿಗೆಯ ಕೊನೆಯ ಸೈನಿಕನಿಗೆ ಬಣ್ಣ ಹಚ್ಚಿ ತೋರಿಸದೆ ಹೊಸ ಪೆಟ್ಟಿಗೆ ಬರುವಂತಿಲ್ಲ. ದುಡ್ಡು ಹಾಕಲು ಮನಸ್ಸಿಲ್ಲದವರು ದಪ್ಪ ಕಾಗದದ ಸೈನಿಕರನ್ನು ಕತ್ತರಿಸಿ ಆಡಿದರೂ ಆಟವೇನೂ ಕೆಡುವುದಿಲ್ಲ. ಬೇಕಾದದ್ದು ಅಳತೆಯ ಟೇಪು, ದಾಳ ಮತ್ತು ಎದುರಿಗೆ ಕೂರಲು ಪುರುಸೊತ್ತಿರುವ ಇನ್ನೊಬ್ಬ ಮನುಷ್ಯ. ಮೂರನೆಯದೇ ಕಷ್ಟ!

ಬಣ್ಣ ಹಚ್ಚುವುದನ್ನು ನಾನೂ ಒಂದು ಸಂಜೆ ಪ್ರಯತ್ನಿಸಿದೆ. ಮೊದಲು ಇಡೀ ಗೊಂಬೆಗೆ ಒಂದು ಮಂಕು ಬಣ್ಣ. ಒಣಗಿದ ಮೇಲೆ ಚರ್ಮ, ಅಂಗಿ, ಪೇಟ. ಆಮೇಲೆ ತೀರ ತೆಳುವಾದ ಕಂದು ನೀರನ್ನು ಹರಿಯಬಿಟ್ಟರೆ ಅದು ಮಡಿಕೆಗಳಲ್ಲಿ ನಿಂತು ನೆರಳಾಗುತ್ತದೆ. ಎರಡು ಗಂಟೆ ಕಳೆದು ನೋಡಿದರೆ ನನ್ನ ಸೈನಿಕ ಸಾರಿನಲ್ಲಿ ಬಿದ್ದೆದ್ದವನಂತೆ ಕಾಣುತ್ತಿದ್ದ. ಹುಡುಗ ಮಾತ್ರ ಉಸಿರು ಬಿಗಿಹಿಡಿದು ಹುಲಿಪಟ್ಟೆ ಎಳೆಯುತ್ತಿದ್ದ. ಎದುರಿಗೆ ಕನ್ನಡಕ ಮೂಗಿನ ತುದಿಗಿಳಿಸಿ ಭಾವ. ಇಬ್ಬರ ನಡುವೆ ಆ ಎರಡು ಗಂಟೆಯಲ್ಲಿ ಬಂದ ಮಾತು ಹತ್ತೋ ಹನ್ನೆರಡೋ. ಆದರೆ ಆ ಹತ್ತು ಮಾತಿನಲ್ಲಿ ಎರಡು, ಶಾಲೆಯಲ್ಲಿ ಯಾರೋ ಕೆಣಕಿದ ವಿಷಯ. ಅಕ್ಕನಿಗೂ ಹೇಳಿರದ ವಿಷಯ.

ದಾಳ, ಅಕ್ಕಿ, ಮಳೆ

ಆಟದ ಲೆಕ್ಕ ಹೀಗಿರುತ್ತದೆ. ಹತ್ತು ಸೈನಿಕರು ಬಂದೂಕು ಹಾರಿಸಿದರೆ ಹತ್ತು ದಾಳ. ನಾಲ್ಕು, ಐದು, ಆರು ಬಿದ್ದರೆ ಗುರಿ ತಾಗಿದಂತೆ. ಅಂದರೆ ಸರಾಸರಿ ಐದು. ಎದುರಾಳಿ ಗೋಡೆಯ ಮರೆಯಲ್ಲಿದ್ದರೆ ಅವನಿಗೂ ಐದು ದಾಳ, ಐದು ಅಥವಾ ಆರು ಬಿದ್ದವರು ಬದುಕುತ್ತಾರೆ. ಉರುಳುವವರು ಮೂವರೋ ನಾಲ್ವರೋ. 11 ವರ್ಷದ ಹುಡುಗಿ ಇದನ್ನೆಲ್ಲ ಬಾಯಲ್ಲೇ ಲೆಕ್ಕ ಹಾಕುತ್ತಾಳೆ. ತುಕಡಿಯಲ್ಲಿ ಅರ್ಧ ಜನ ಹೋದರೆ ಧೈರ್ಯದ ದಾಳ ಎಸೆಯಬೇಕು. ಕಡಿಮೆ ಬಿದ್ದರೆ ಉಳಿದವರು ಓಡುತ್ತಾರೆ. ನಿಜ ಯುದ್ಧಗಳಲ್ಲೂ ಸೈನ್ಯ ಪೂರ್ತಿ ಸತ್ತು ಸೋಲುವುದು ಅಪರೂಪ. ಹೆದರಿ ಓಡಿ ಸೋಲುವುದೇ ಹೆಚ್ಚು.

ಶ್ರೀರಂಗಪಟ್ಟಣದ ಆಟಕ್ಕೆ ಮೇಷ್ಟ್ರು ತಾವೇ ನಿಯಮ ಬರೆದಿದ್ದರು. 1799ರ ಏಪ್ರಿಲ್ 5ರಂದು ಜನರಲ್ ಹ್ಯಾರಿಸ್‌ನ ಸೈನ್ಯ ಕೋಟೆಯ ಎದುರು ಬೀಡುಬಿಟ್ಟಿತು. ಮುಂಬೈ ಸೈನ್ಯ, ನಿಜಾಮನ ಸೈನ್ಯ ಸೇರಿ ಸುಮಾರು 50,000 ಜನ. ಆಟದಲ್ಲಿ ಒಂದು ಸರದಿ ಎಂದರೆ ಎರಡು ದಿನ. ಬ್ರಿಟಿಷರ ಆಟಗಾರನ ಮುಂದೆ ಒಂದು ಬಟ್ಟಲಲ್ಲಿ ನಿಜವಾದ ಅಕ್ಕಿಯ 18 ಚಿಟಿಕೆ. ಸರದಿಗೊಂದು ಚಿಟಿಕೆ ತೆಗೆಯಬೇಕು, ಬಟ್ಟಲು ಖಾಲಿಯಾದರೆ ಮುತ್ತಿಗೆ ಬಿಟ್ಟು ಹೋಗಬೇಕು. ಮೇ ತಿಂಗಳು ಬಂದ ಮೇಲೆ ಪ್ರತಿ ಸರದಿಗೂ ಮಳೆಯ ದಾಳ. ಐದು ಅಥವಾ ಆರು ಬಿದ್ದರೆ ಕಾವೇರಿ ಉಕ್ಕಿತು, ಕೋಟೆ ಉಳಿಯಿತು. ಮೈಸೂರಿನ ರಾಕೆಟ್ಟಿಗೂ ಒಂದು ದಾಳವಿದೆ. ಅದು ಎತ್ತ ಹೋಗುತ್ತದೆಂದು ಹಾರಿಸಿದವನಿಗೂ ಗೊತ್ತಿಲ್ಲ.

ಮೀರ್ ಸಾದಿಕನ ದ್ರೋಹದ ಕತೆ ಕೇಳುತ್ತಾ ಬೆಳೆದವಳು ನಾನು. ಭಾವನೂ ಅಷ್ಟೆ. ಆದರೆ ಹ್ಯಾರಿಸ್‌ನ ಪಾಳೆಯದಲ್ಲಿ ಅಕ್ಕಿ ಮುಗಿಯುತ್ತಾ ಬಂದಿತ್ತು, ಮುಂಗಾರು ಬಾಗಿಲಲ್ಲೇ ಇತ್ತು, ಇನ್ನು ಕೆಲವೇ ವಾರ ತಳ್ಳಿದ್ದರೆ ಆ ನದಿಯನ್ನು ಯಾವ ಸೈನ್ಯವೂ ದಾಟಲಾಗುತ್ತಿರಲಿಲ್ಲ ಎಂಬುದು ನನ್ನ ತಲೆಗೆ ಇಳಿದದ್ದು ಆ ಬಟ್ಟಲನ್ನು ನೋಡಿದಾಗ. ಮೇ 4ರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಕೋಟೆಗೋಡೆಯ ಒಡಕಿನ ಕಡೆಗೆ ನದಿ ದಾಟಿಸಿ ಸೈನ್ಯ ನುಗ್ಗಿಸಿದವನು ಡೇವಿಡ್ ಬೇರ್ಡ್. ಅದೇ ಶ್ರೀರಂಗಪಟ್ಟಣದಲ್ಲಿ ಮೂರೂವರೆ ವರ್ಷ ಸೆರೆಯಲ್ಲಿದ್ದವನು. ಸಂಜೆಯ ಹೊತ್ತಿಗೆ ಟಿಪ್ಪು ಕೋಟೆಯ ನೀರುಬಾಗಿಲ ಬಳಿ ಮಡಿದಿದ್ದರು. ಅವರ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಯೂರೋಪಿನವನ ಕುತ್ತಿಗೆಗೆ ಬಾಯಿ ಹಾಕಿದ, ಕೀಲು ತಿರುಗಿಸಿದರೆ ಗುರ್ ಎನ್ನುವ ಆಟಿಕೆ. ಅಕ್ಕನ ಮಕ್ಕಳು ಗಾಜಿಗೆ ಮೂಗು ಒತ್ತಿ ಅದನ್ನು ನೋಡಿ ಬಂದವರು.

ನಾನು ಹೊರಡುವ ಮುಂಚಿನ ಭಾನುವಾರ ಆಟವಿತ್ತು. ಮಗಳು ಟಿಪ್ಪು, ಮಗ ಹ್ಯಾರಿಸ್, ಮೇಷ್ಟ್ರು ಅಂಪೈರ್. ಭಾವ ಯಾರ ಪಕ್ಷವೂ ಅಲ್ಲವೆಂದು ಹೇಳಿ ಮಗಳ ಕುರ್ಚಿಯ ಹಿಂದೆಯೇ ನಿಂತಿದ್ದರು. ಬೆಳಿಗ್ಗೆ ಹತ್ತಕ್ಕೆ ಶುರುವಾದದ್ದು ಅಸರ್ ಹೊತ್ತಾದರೂ ಮುಗಿಯಲಿಲ್ಲ. ಹುಡುಗಿ ರಾತ್ರಿ ದಾಳಿ ಮಾಡಿ ಫಿರಂಗಿಗಳನ್ನು ಎರಡು ಸರದಿ ತಡೆದಳು. ರಾಕೆಟ್ಟೊಂದು ಹಿಂದಕ್ಕೇ ತಿರುಗಿ ಅವಳದೇ ಕುದುರೆಗಳನ್ನು ಚೆದುರಿಸಿದಾಗ ಅಳುವುದೊಂದು ಬಾಕಿ. 14ನೆಯ ಸರದಿಯಲ್ಲಿ ಮಳೆಯ ದಾಳ ಎಸೆದಳು, ಎರಡು ಬಿತ್ತು. 15ರಲ್ಲಿ ಒಂದು. 16ನೆಯ ಸರದಿಗೆ ಗೋಡೆ ಒಡೆದಿತ್ತು. ಮೇ 5. ಚರಿತ್ರೆಗಿಂತ ಒಂದು ದಿನ ಹೆಚ್ಚು ಕಾದಿದ್ದಳು. ಅಣ್ಣನ ಬಟ್ಟಲಲ್ಲಿ ಉಳಿದದ್ದು ಎರಡೇ ಚಿಟಿಕೆ ಅಕ್ಕಿ.

ಚಹಾಕ್ಕೆ ಕರೆಯಲು ಬಂದ ಅಕ್ಕ ಬಾಗಿಲಲ್ಲೇ ನಿಂತಳು. ಅಲ್ಲಿಯವರೆಗೆ ಆ ಮೇಜಿನ ಹತ್ತಿರ ಬಂದವಳಲ್ಲ.

"ಏನಾಗಬೇಕು ಈಗ?" ಎಂದು ಮೆಲ್ಲಗೆ ಕೇಳಿದಳು.

"ಮಳೆ ಬರಬೇಕು ಅಮ್ಮಿ. ಐದು ಬಿದ್ದರೆ ಸಾಕು, ಇವರು ಯಾರೂ ಸಾಯಲ್ಲ. ಇವತ್ತು ನನ್ನ ಕೈ ಸರಿಯಿಲ್ಲ. ನೀವು ಹಾಕಿ."

ಅಕ್ಕ ನನ್ನ ಮುಖ ನೋಡಿದಳು. ಒದ್ದೆ ಕೈಯನ್ನು ದುಪಟ್ಟಾದ ತುದಿಗೆ ಒರೆಸಿಕೊಂಡು ದಾಳವನ್ನು ತೆಗೆದುಕೊಂಡಳು. ಮುಷ್ಟಿಯಲ್ಲಿ ಬಹಳ ಹೊತ್ತು ಅಲುಗಿಸಿ ಕೋಟೆಯ ಪಕ್ಕದಲ್ಲಿ ಬಿಟ್ಟಳು. ಅದು ಉರುಳಿ ಕಾವೇರಿಯ ರಟ್ಟಿಗೆ ತಾಗಿ ನಿಂತಿತು.

ನಾಲ್ಕು.

ಯಾರೂ ಮಾತಾಡಲಿಲ್ಲ. ಹುಡುಗ ತಂಗಿಯ ಕಡೆ ಒಮ್ಮೆ ನೋಡಿ, ತನ್ನ ಮೊದಲ ಸಾಲನ್ನು ನೀರಿಗಿಳಿಸಿದ.